ಹೊಗೆ ಕೊಳವೆಯ ಹಾಡು-ಪಾಡು

ಸಂಘದ ದೀಪಾವಳಿ ಕಾರ್ಯಕ್ರಮ ಮುಗಿದು, ಪಾತ್ರೆಗಳನ್ನೆಲ್ಲ ತೊಳೆದಿಟ್ಟು, ಉಳಿದ ಬಿಸಿಬೇಳೆ ಭಾತನ್ನು ಯಾರು ಮನೆಗೊಯ್ಯಬೇಕೆಂಬ ಪ್ರತಿ ವರ್ಷದ ಚರ್ಚೆಯೂ ಮುಗಿದ ಮೇಲೆ, ಸಭಾಂಗಣದ ಹಿಂದೆ ಕಾರುಗಳು ನಿಂತಿದ್ದ ಕಡೆಯಿಂದ ಒಂದು ಗುಡುಗು ಕೇಳಿಸಿತು. ಆಕಾಶ ನಿರ್ಮಲವಾಗಿತ್ತು. ಗುಡುಗಿದ್ದು ಸದಸ್ಯರೊಬ್ಬರ ಮಗನ ಕಾರು. ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಮರುಕದಿಂದ, "ಏನಪ್ಪಾ, ಗಾಡಿ ಕೆಟ್ಟುಹೋಗಿದೆಯಾ?" ಎಂದರು. ಹುಡುಗ ಹೆಮ್ಮೆಯಿಂದ, "ಇಲ್ಲ ಅಜ್ಜಿ, ಈ ಸೌಂಡಿಗೆ ಎರಡು ಸಾವಿರ ಡಾಲರ್ ಕೊಟ್ಟಿದ್ದೀನಿ" ಎಂದ. ಅಜ್ಜಿ ಒಂದು ಕ್ಷಣ ಯೋಚಿಸಿ, "ದುಡ್ಡು ಕೊಟ್ಟು ಕೆಡಿಸಿಕೊಂಡೆಯಾ?" ಎಂದರು.

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಹುಡುಗ ನಮ್ಮ ಕಡೆ ತಿರುಗಿದ. ಮೂವತ್ತು ದಾಟಿದವರಿಗೆಲ್ಲ ಇಲ್ಲಿ ಅಂಕಲ್ ಪದವಿ ತಾನಾಗಿ ಬರುವುದರಿಂದ, "ಅಂಕಲ್, ನೀವು ಕೆಮಿಸ್ಟ್ ಅಲ್ವಾ? ಕ್ಯಾಟ್ ತೆಗೆಸಿಬಿಟ್ಟರೆ ಇನ್ನೆಷ್ಟು ಪವರ್ ಸಿಗುತ್ತೆ?" ಎಂದು ಕೇಳಿದ. ಇಲ್ಲಿ ಕ್ಯಾಟ್ ಎಂದರೆ ಬೆಕ್ಕಲ್ಲ. ಕಾರಿನ ಹೊಗೆಯನ್ನು ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಎಂಬ ಡಬ್ಬ. ಅಲ್ಲೇ ಉತ್ತರ ಹೇಳಲು ನಮಗೆ ಬಾಯಿ ಬರಲಿಲ್ಲ. "ಬರೆದು ಕೊಡುತ್ತೇನೆ ಮಾರಾಯ" ಎಂದು ತಪ್ಪಿಸಿಕೊಂಡೆವು. ಪಕ್ಕದಲ್ಲೇ ನಿಂತಿದ್ದ ಸಂಪಾದಕರು ಆ ಮಾತನ್ನು ಹಿಡಿದುಕೊಂಡುಬಿಟ್ಟರು. ಈ ಲೇಖನದ ಹುಟ್ಟು ಹೀಗೆ.

ಮೊದಲೇ ಒಂದು ಮಾತು. ಸದ್ದು ಮಾಡುವ ಹುಡುಗರನ್ನು ಬೈಯಲು ನಾವು ಕುಳಿತಿಲ್ಲ. ಬೈಯುವ ಅರ್ಹತೆಯೂ ನಮಗಿಲ್ಲ. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಯೆಜ್ದಿಯ ಪಾಠ

ನಾವು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಲ್ಲಿಯ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇದ್ದುದು ಹಳೆಯ ಸದಸ್ಯರಿಗೆಲ್ಲ ನೆನಪಿರಬೇಕು. 1961ರಿಂದ ಅಲ್ಲಿ ಜಾವಾ, 1973ರಿಂದ ಯೆಜ್ದಿ ಮೋಟಾರ್ ಸೈಕಲ್ಲುಗಳು ತಯಾರಾದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆಗ ನಾವಿನ್ನೂ ಪ್ರೈಮರಿ ಶಾಲೆಯಲ್ಲಿದ್ದೆವು. ಆದರೆ ಗಾಡಿಗಳು ಮುಚ್ಚಲಿಲ್ಲವಲ್ಲ! ನಮ್ಮ ಸೋದರಮಾವನ ಯೆಜ್ದಿ ಬೀದಿಯ ತಿರುವಿಗೆ ಬರುವ ಮೊದಲೇ ಅಜ್ಜಿ ಕಾಫಿಗೆ ನೀರಿಡುತ್ತಿದ್ದರು. ಒಂದೇ ಸಿಲಿಂಡರಿನ ಎಂಜಿನ್ನಿಗೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರುಗಳಿದ್ದ ಗಾಡಿ ಅದು. ಭಾನುವಾರಗಳಂದು ಮಾವ ಅವನ್ನು ಬಿಚ್ಚಿ, ಒಳಗಿನ ಮಸಿ ಹಿಡಿದ ತೂತಿನ ಕೊಳವೆಯನ್ನು ಹೊರಗೆಳೆದು, ಬೆಂಕಿಯಲ್ಲಿ ಸುಟ್ಟು ಮಸಿ ಉದುರಿಸಿ, ಮತ್ತೆ ಕೂರಿಸುತ್ತಿದ್ದರು. ಕೆಲವು ಪಡ್ಡೆ ಹುಡುಗರು ಮತ್ತೆ ಕೂರಿಸುವ ಗೋಜಿಗೇ ಹೋಗದೆ ಹಾಗೆಯೇ ಓಡಿಸುತ್ತಿದ್ದರು. ಸದ್ದು ಕಿವಿಗೆ ಬೀಳುತ್ತಲೇ ಮಾವ, "ಸದ್ದು ಬಂತು, ಓಟ ಹೋಯಿತು" ಎನ್ನುತ್ತಿದ್ದರು. ಆ ಮಾತಿನಲ್ಲಿ ಭೌತಶಾಸ್ತ್ರದ ಒಂದು ಅಧ್ಯಾಯವೇ ಅಡಗಿದೆಯೆಂಬುದು ನಮಗೆ ಬಹಳ ತಡವಾಗಿ ತಿಳಿಯಿತು.

ಅದು ಹೀಗೆ. ಎಂಜಿನ್ನಿನ ಹೊಗೆ ನಲ್ಲಿಯ ನೀರಿನಂತೆ ಒಂದೇ ಸಮನೆ ಹರಿಯುವುದಿಲ್ಲ. ಹೊಗೆಯ ಕವಾಟ ತೆರೆದಾಗಲೆಲ್ಲ ಒಂದೊಂದು ಗುಕ್ಕಾಗಿ ನುಗ್ಗುತ್ತದೆ. ಪ್ರತಿ ಗುಕ್ಕಿನ ಜೊತೆಗೆ ಒಂದು ಒತ್ತಡದ ಅಲೆ ಕೊಳವೆಯುದ್ದಕ್ಕೂ ಓಡುತ್ತದೆ. ಕೊಳವೆಯ ತೆರೆದ ಬಾಯಿಗೆ ಅಥವಾ ಅಗಲವಾದ ಜಾಗಕ್ಕೆ ಬಂದಾಗ ಆ ಅಲೆಯ ಒಂದು ಪಾಲು ತಿರುಗಿ ಎಂಜಿನ್ನಿನ ಕಡೆಗೆ ಬರುತ್ತದೆ. ಬರುವಾಗ ಒತ್ತುವ ಅಲೆಯಾಗಿ ಅಲ್ಲ, ಸೆಳೆಯುವ ಅಲೆಯಾಗಿ. ಕವಾಟ ಇನ್ನೂ ತೆರೆದಿರುವಾಗಲೇ ಅದು ಬಂದು ತಲುಪಿದರೆ, ಒಳಗೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ಜಾಗ ಮಾಡಿಕೊಡುತ್ತದೆ. ನಮ್ಮ ಮದುವೆ ಮನೆಗಳಲ್ಲಿ ಮೊದಲ ಪಂಕ್ತಿಯವರು ಎದ್ದು ಎಲೆ ತೆಗೆದ ಹೊರತು ಎರಡನೆಯ ಪಂಕ್ತಿಯವರು ಕೂರುವಂತಿಲ್ಲ, ಅಲ್ಲವೇ? ಇಲ್ಲಿಯೂ ಅಷ್ಟೇ. ಮೊದಲ ಪಂಕ್ತಿಯನ್ನು ಎಷ್ಟು ಬೇಗ ಎಬ್ಬಿಸುತ್ತೇವೋ ಅಷ್ಟು ಚೆನ್ನಾಗಿ ಎರಡನೆಯ ಪಂಕ್ತಿಗೆ ಬಡಿಸಬಹುದು. ಟು-ಸ್ಟ್ರೋಕ್ ಎಂಜಿನ್ನುಗಳಲ್ಲಿ ಈ ಅಲೆಯ ಆಟ ಇನ್ನೂ ಮುಖ್ಯ. ಪೂರ್ವ ಜರ್ಮನಿಯ ಎಂಜಡ್ ಕಂಪನಿಯ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರು 1950ರ ದಶಕದಲ್ಲಿ ಬರೀ ಹೊಗೆ ಕೊಳವೆಯ ಆಕಾರವನ್ನು ತಿದ್ದಿ ತಿದ್ದಿ ಸಣ್ಣ ಎಂಜಿನ್ನುಗಳಿಂದ ದೊಡ್ಡ ಶಕ್ತಿ ಹೊರಡಿಸಿದ. ಮಾವ ಹೇಳಿದ್ದು ಅದನ್ನೇ: ಒಳಗಿನದನ್ನು ಕಿತ್ತು ಬಿಸಾಡಿದರೆ ಅಲೆಯ ಲೆಕ್ಕ ತಪ್ಪುತ್ತದೆ.

ಶಕ್ತಿಯ ಲೆಕ್ಕ

ಈಗ ಕಾರಿಗೆ ಬರೋಣ. ಇಲ್ಲಿನ ಮಫ್ಲರ್ ಅಂಗಡಿಗಳಲ್ಲಿ ಎಕ್ಸ್‌ಟ್ರಾಕ್ಟರ್ ಎಂಬ ಸಾಮಾನನ್ನು ನೋಡಿರುತ್ತೀರಿ. ಎಂಜಿನ್ನಿನ ಪ್ರತಿ ಸಿಲಿಂಡರಿನಿಂದಲೂ ಒಂದೊಂದು ಬೇರೆ ಕೊಳವೆ ಹೊರಟು, ಅಷ್ಟು ದೂರ ಹೋಗಿ ಕೂಡಿಕೊಳ್ಳುವ ಜಡೆಯಂಥ ವಸ್ತು ಅದು. ಒಂದು ಸಿಲಿಂಡರಿನ ಗುಕ್ಕು ಪಕ್ಕದ ಸಿಲಿಂಡರಿಗೆ ಅಡ್ಡ ಬರಬಾರದು, ಸೆಳೆಯುವ ಅಲೆ ಹೊತ್ತಿಗೆ ಸರಿಯಾಗಿ ಬರಬೇಕು ಎಂಬುದು ಅದರ ಉದ್ದೇಶ. ಆದರೆ ಕೊಳವೆಯ ಉದ್ದ ಒಂದೇ. ಎಂಜಿನ್ನಿನ ವೇಗ ಮಾತ್ರ ಕ್ಷಣಕ್ಷಣಕ್ಕೂ ಬೇರೆ. ಆದ್ದರಿಂದ ಒಂದು ವೇಗದಲ್ಲಿ ಲಾಭ ಕೊಡುವ ಉದ್ದ ಇನ್ನೊಂದು ವೇಗದಲ್ಲಿ ನಷ್ಟ ಕೊಡಬಹುದು. ಬ್ಯಾಥರ್ಸ್ಟಿನ ಬೆಟ್ಟದ ಮೇಲೆ ಅಕ್ಟೋಬರಿನಲ್ಲಿ ಸಾವಿರ ಕಿಲೋಮೀಟರ್ ಪಂದ್ಯ ಓಡುವ ಕಾರಿಗೆ ಬೇಕಾದ್ದು ಒಂದು, ಪ್ಯಾರಮಟ್ಟಾ ರಸ್ತೆಯಲ್ಲಿ ಕೆಂಪು ದೀಪದಿಂದ ಕೆಂಪು ದೀಪಕ್ಕೆ ತೆವಳುವ ಕಾರಿಗೆ ಬೇಕಾದ್ದು ಮತ್ತೊಂದು.

ಹುಡುಗರಲ್ಲಿ ಎರಡು ಪಂಗಡಗಳಿವೆ. ಒಂದು ಪಂಗಡ, "ಎಂಜಿನ್ನಿಗೆ ಸ್ವಲ್ಪ ಬ್ಯಾಕ್ ಪ್ರೆಷರ್ ಬೇಕೇ ಬೇಕು" ಎನ್ನುತ್ತದೆ. ಇನ್ನೊಂದು, "ಕೊಳವೆ ದಪ್ಪವಾದಷ್ಟೂ ಒಳ್ಳೆಯದು" ಎನ್ನುತ್ತದೆ. ಇಬ್ಬರೂ ಅರ್ಧ ಸರಿ. ಹಿಂದಕ್ಕೆ ಒತ್ತುವ ಒತ್ತಡ ಯಾವ ಎಂಜಿನ್ನಿಗೂ ಬೇಕಿಲ್ಲ. ಬೇಕಾದ್ದು ಹೊಗೆಯ ವೇಗ. ಕೊಳವೆ ಅತಿ ಸಣ್ಣದಾದರೆ ಉಸಿರು ಕಟ್ಟುತ್ತದೆ. ಅತಿ ದಪ್ಪವಾದರೆ ಹೊಗೆ ನಿಧಾನವಾಗಿ, ಅಲೆ ಸೊರಗಿ, ಕೆಳಗಿನ ವೇಗಗಳಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಕೊಳವೆ ದಪ್ಪ ಮಾಡಿ ಬಲ ಕಳೆದುಕೊಂಡವರು ತಪ್ಪನ್ನು ಬ್ಯಾಕ್ ಪ್ರೆಷರಿನ ಮೇಲೆ ಹೊರಿಸಿದರು, ಅಷ್ಟೆ.

ಹಾಗಾದರೆ ಸಿಗುವುದೆಷ್ಟು? ಟರ್ಬೋ ಇಲ್ಲದ ಸಾಧಾರಣ ಕಾರಿನಲ್ಲಿ ಹಿಂದಿನ ಮಫ್ಲರನ್ನಷ್ಟೇ ಬದಲಾಯಿಸಿದರೆ ನೂರಕ್ಕೆ ಎರಡೋ ಮೂರೋ ಪಾಲು ಹೆಚ್ಚಿದರೆ ಅದೇ ದೊಡ್ಡದು. ನಮ್ಮ ಮನೆಯವರ ಮಾತಿನಲ್ಲಿ ಹೇಳುವುದಾದರೆ, ಡಿಕ್ಕಿಯಲ್ಲಿ ವರ್ಷದಿಂದ ಬಿದ್ದಿರುವ ಕ್ಯಾಂಪಿಂಗ್ ಸಾಮಾನನ್ನು ಇಳಿಸಿದರೂ ಅಷ್ಟೇ ಗುಣ ಕಾಣುತ್ತದೆ. ಟರ್ಬೋ ಕಾರಿನ ಕಥೆ ಬೇರೆ. ಅಲ್ಲಿ ಟರ್ಬೈನಿನ ಆಚೆ ದಾರಿ ಸಲೀಸಾದಷ್ಟೂ ಲಾಭವುಂಟು. ಆದರೆ ಅದಕ್ಕೆ ತಕ್ಕಂತೆ ಪೆಟ್ರೋಲಿನ ಲೆಕ್ಕವನ್ನೂ ತಿದ್ದಬೇಕು.

ನಾದದ ಲೆಕ್ಕ

ಶಕ್ತಿ ನೆಪ, ಸದ್ದೇ ನಿಜವಾದ ಆಸೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆ ಪಡಬೇಕಾಗಿಲ್ಲ. ಸಾಲಾಗಿ ಆರು ಸಿಲಿಂಡರುಗಳಿರುವ ಎಂಜಿನ್ನು ನಿಮಿಷಕ್ಕೆ 2,000 ಸುತ್ತು ತಿರುಗಿದರೆ ಸೆಕೆಂಡಿಗೆ ಸರಿಯಾಗಿ 100 ಗುಕ್ಕುಗಳು ಹೊರಬೀಳುತ್ತವೆ. ನಾಲ್ಕು ಸಿಲಿಂಡರಿನದರಲ್ಲಿ 67, ಎಂಟರದರಲ್ಲಿ 133. ಆರರ ಗುಕ್ಕುಗಳು ಸಮ ಅಂತರದಲ್ಲಿ ಬೀಳುವುದರಿಂದ ಅದರ ನಾದ ನುಣುಪು. ಹೋಲ್ಡನ್, ಫೋರ್ಡ್ ಕಾರುಗಳ ವಿ-ಎಂಟು ಎಂಜಿನ್ನಿನಲ್ಲಿ ಎಡ ಬಲ ಸಾಲುಗಳ ಸರದಿ ಸಮವಾಗಿ ಬಾರದು. ಅದಕ್ಕೇ ಅದರ ಸದ್ದಿನಲ್ಲಿ ಆ ಗುಡುಗುಡು ಲಯ. ಅದನ್ನು ಕೇಳಲೆಂದೇ ಇಲ್ಲಿನ ಜನ ಚಳಿಯಲ್ಲಿ ಡೇರೆ ಹಾಕಿ ಕೂರುತ್ತಾರೆ.

ಮಫ್ಲರುಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಹೊಗೆ ಕೋಣೆಯಿಂದ ಕೋಣೆಗೆ ತಿರುಗಿ ಬರುತ್ತದೆ. ಅಲೆಗಳು ಗೋಡೆಗಳಿಗೆ ಬಡಿದು ಒಂದನ್ನೊಂದು ಅಳಿಸುತ್ತವೆ. ಇನ್ನೊಂದರಲ್ಲಿ ಹೊಗೆ ನೇರವಾಗಿ ಹೋಗುತ್ತದೆ. ತೂತುಗಳಿರುವ ಕೊಳವೆಯ ಸುತ್ತ ತುಂಬಿದ ಗಾಜಿನ ನಾರು ಸದ್ದನ್ನು ಹೀರುತ್ತದೆ. ಮೊದಲನೆಯದು ಕೆಳದನಿಯನ್ನು ಚೆನ್ನಾಗಿ ಅಡಗಿಸುತ್ತದೆ, ಎರಡನೆಯದು ಮೇಲ್ದನಿಯನ್ನು. ನೇರ ಮಫ್ಲರ್ ಹಾಕಿಸಿದವರು ಹೆದ್ದಾರಿಯಲ್ಲಿ 110ರ ವೇಗದಲ್ಲಿ ತಲೆಯೊಳಗೆ ಭ್ರಮರ ಹೊಕ್ಕಂತೆ ಗುಂಯ್‌ಗುಡುತ್ತದೆ ಎಂದು ದೂರುವುದು ಇದಕ್ಕೇ. ಅದಕ್ಕೆ ಮದ್ದೂ ಉಂಟು. ಖಾಲಿ ಸೀಸೆಯ ಬಾಯಿಗೆ ಊದಿದರೆ ಒಂದೇ ಸ್ವರ ಬರುತ್ತದಲ್ಲವೇ? ಅದೇ ತತ್ವದ ಒಂದು ಮುಚ್ಚಿದ ಕೊಳವೆಯನ್ನು ಪಕ್ಕದಲ್ಲಿ ಬೆಸೆದರೆ ಆ ಒಂದು ಸ್ವರವನ್ನಷ್ಟೇ ಅದು ನುಂಗುತ್ತದೆ. ಬಿಸಿ ಹೊಗೆಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 500 ಮೀಟರ್ ಎಂದಿಟ್ಟುಕೊಂಡರೆ, 100 ಗುಕ್ಕಿನ ಸ್ವರವನ್ನು ನುಂಗಲು ಸುಮಾರು ಒಂದೂಕಾಲು ಮೀಟರ್ ಉದ್ದದ ಕೊಳವೆ ಬೇಕು. ನಾಲ್ಕರಲ್ಲೊಂದು ಅಲೆಯುದ್ದ, ಲೆಕ್ಕ ಅಷ್ಟೆ.

ಈ ವಿದ್ಯೆಯಲ್ಲಿ ಮೆಲ್ಬರ್ನಿನ ಹೆಸರು ದೊಡ್ಡದು. 1959ರಲ್ಲಿ ಆಸ್ಟ್ರೇಲಿಯಾದ ಚಾಂಪಿಯನ್ ಚಾಲಕನಾದ ಲೆನ್ ಲ್ಯೂಕಿ ಅಲ್ಲಿ ಮಫ್ಲರ್ ತಯಾರಿಸುವ ಉದ್ಯಮಿಯೂ ಆಗಿದ್ದ. 1960ರ ದಶಕದಲ್ಲಿ ಮುಚ್ಚಿಹೋಗಿದ್ದ ಫಿಲಿಪ್ ಐಲ್ಯಾಂಡ್ ಪಂದ್ಯದ ರಸ್ತೆಯನ್ನು ಕೊಂಡು ಮತ್ತೆ ತೆರೆದವನೂ ಅವನೇ. ಪೆಂಗ್ವಿನ್ ನೋಡಲು ಅಲ್ಲಿಗೆ ಹೋಗುವ ನಮ್ಮವರು ಆ ರಸ್ತೆಯ ಲ್ಯೂಕಿ ಹೈಟ್ಸ್ ಎಂಬ ಏರನ್ನೂ ಒಮ್ಮೆ ನೋಡಿ ಬರಬಹುದು.

ಡಬ್ಬದೊಳಗಿನ ರಸಾಯನ

ಇನ್ನು ನಮ್ಮ ಸ್ವಂತ ಕಸುಬಿಗೆ ಬಂದೆವು. ಆಸ್ಟ್ರೇಲಿಯಾದಲ್ಲಿ 1985ರಲ್ಲಿ ಸೀಸವಿಲ್ಲದ ಪೆಟ್ರೋಲು ಬಂತು. 1986ರ ಫೆಬ್ರುವರಿಯಿಂದ ಹೊಸ ಕಾರುಗಳೆಲ್ಲ ಅದರಲ್ಲೇ ಓಡಬೇಕಾಯಿತು. ಅವುಗಳ ಜೊತೆಗೆ ಕ್ಯಾಟ್ ಡಬ್ಬವೂ ಬಂತು. ಸೀಸ ಆ ಡಬ್ಬಕ್ಕೆ ವಿಷ. ಎರಡೂ ಜೊತೆಯಲ್ಲಿ ಬಾಳಲಾರವು. 2002ರಲ್ಲಿ ಸೀಸದ ಪೆಟ್ರೋಲು ಇಲ್ಲಿ ಪೂರ್ತಿ ನಿಂತಿತು.

ಡಬ್ಬದೊಳಗೆ ಜೇನುಗೂಡಿನಂತೆ ನೂರಾರು ಕಿರುಗಂಡಿಗಳಿರುವ ಪಿಂಗಾಣಿಯ ಇಟ್ಟಿಗೆ ಇರುತ್ತದೆ. ಅದರ ಗೋಡೆಗಳ ಮೇಲೆ ಪ್ಲಾಟಿನಂ, ಪೆಲೇಡಿಯಂ, ರೋಡಿಯಂ ಲೋಹಗಳ ಅತಿ ಸಣ್ಣ ಕಣಗಳು. ಎಲ್ಲ ಸೇರಿಸಿದರೂ ಕೆಲವೇ ಗ್ರಾಂ. ಇವು ಕ್ರಿಯಾವರ್ಧಕಗಳು, ಅಂದರೆ ತಾವು ಸವೆಯದೆ ಬೇರೆಯವರ ಮದುವೆ ಮಾಡಿಸುವ ದಲ್ಲಾಳಿಗಳು. ಕಾರ್ಬನ್ ಮಾನಾಕ್ಸೈಡಿಗೆ ಆಮ್ಲಜನಕ ಕೂಡಿಸಿ ಕಾರ್ಬನ್ ಡೈ ಆಕ್ಸೈಡ್ ಮಾಡುತ್ತವೆ. ಉರಿಯದೆ ಉಳಿದ ಪೆಟ್ರೋಲನ್ನು ಉರಿಸುತ್ತವೆ. ಸಾರಜನಕದ ಆಕ್ಸೈಡುಗಳನ್ನು ಒಡೆದು ಸಾರಜನಕವಾಗಿಸುತ್ತವೆ. ಮೂರೂ ಒಟ್ಟಿಗೆ ನಡೆಯಬೇಕಾದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಇರಬೇಕು. ಆ ಹದ ಕಾಯಲೆಂದೇ ಕೊಳವೆಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಕೂರಿಸಿರುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವುಂಟು. ಕಾರ್ಬನ್ ಮಾನಾಕ್ಸೈಡಿಗೆ ಲೋಹಗಳನ್ನು ತಬ್ಬಿಕೊಳ್ಳುವ ಚಟ. ಎಂಜಿನ್ನು ತಣ್ಣಗಿರುವಾಗ ಅದು ಪ್ಲಾಟಿನಂ ಮೇಲೆಲ್ಲ ಹರಡಿ ಕುಳಿತು, ಆಮ್ಲಜನಕಕ್ಕೆ ಕಾಲೂರಲು ಜಾಗ ಕೊಡುವುದಿಲ್ಲ. ಸುಮಾರು 250ರಿಂದ 300 ಡಿಗ್ರಿ ಬಿಸಿಯಾದ ಮೇಲಷ್ಟೇ ಅದು ಜಾಗ ಬಿಡುತ್ತದೆ, ಆಗ ಕ್ರಿಯೆ ಆರಂಭ. ಈ ಕುಳಿತೇಳುವ ವ್ಯವಹಾರವನ್ನು ಬಿಡಿಸಿ ತೋರಿಸಿದವರಲ್ಲಿ ಪ್ರಮುಖರಾದ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ 2007ರಲ್ಲಿ ನೊಬೆಲ್ ಬಂದಾಗ ನಾವು ಮೈಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆವು. ಆ ಸುದ್ದಿಯ ಗುಂಗಿನಲ್ಲೇ ಮುಂದೆ ಸಿಡ್ನಿಗೆ ಬಂದು ಇದೇ ವಿಷಯದಲ್ಲಿ ಪಿಎಚ್.ಡಿ. ಮಾಡಿದೆವು. ಅದೇ ಅನಿಲ ಮನುಷ್ಯನ ಮೈ ಹೊಕ್ಕರೆ ರಕ್ತದ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ತಬ್ಬುತ್ತದೆ, ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಬಿಗಿಯಾಗಿ. ಬಣ್ಣವಿಲ್ಲ, ವಾಸನೆಯಿಲ್ಲ. ಇದು ನಮ್ಮ ಪ್ರಬಂಧದ ಪೀಠಿಕೆಯ ಮೊದಲ ಪುಟದಲ್ಲೇ ಇತ್ತು.

ನಮ್ಮ ಫಾಲ್ಕನ್ ವ್ಯಾಗನ್

ಈಗ ಮೊದಲೇ ಮಾತು ಕೊಟ್ಟ ಕಥೆ. 2015ರಲ್ಲಿ, ಪಿಎಚ್.ಡಿ. ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, 1999ರ ಮಾದರಿಯ ಫೋರ್ಡ್ ಫಾಲ್ಕನ್ ವ್ಯಾಗನ್ನೊಂದನ್ನು ಕೊಂಡೆವು. ನಾಲ್ಕು ಲೀಟರ್, ಸಾಲಾಗಿ ಆರು ಸಿಲಿಂಡರ್. ಮೆಲ್ಬರ್ನಿನ ಬ್ರಾಡ್‌ಮೆಡೋಸಿನಲ್ಲಿ ತಯಾರಾದ ಕಾರು. 2016ರ ಅಕ್ಟೋಬರಿನಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಮುಚ್ಚುವ ಕಾರ್ಖಾನೆಗಳ ಗಾಡಿ ಮೆಚ್ಚುವುದು ನಮ್ಮ ಮನೆತನದ ಗುಣವಿರಬೇಕು. ಕೊಂಡ ದಿನದಿಂದಲೇ ಅದರ ದನಿ ಬೇರೆ ಫಾಲ್ಕನ್‌ಗಳಿಗಿಂತ ತುಸು ಗಡುಸಾಗಿತ್ತು. ನಮಗೆ ಮಾವನ ಯೆಜ್ದಿ ನೆನಪಾಯಿತು. ಸಾಲದೆಂದು 2017ರ ಚಳಿಗಾಲದಲ್ಲಿ ಹಳೆಯ ಸಾಮಾನಿನವರಿಂದ ಒಂದು ನೇರ ಮಫ್ಲರ್ ತಂದು, ಟೂಂಗಾಬಿಯ ನಮ್ಮ ಮನೆಯಂಗಳದಲ್ಲಿ ನಾವೇ ಅಡಿಯಲ್ಲಿ ಮಲಗಿ ಜೋಡಿಸಿದೆವು. ಹದಿನೈದು ಡಾಲರಿನ ಹೊಸ ಗ್ಯಾಸ್ಕೆಟ್ ತರಲು ಸೋಮಾರಿತನ. ಹಳೆಯದನ್ನೇ ಮತ್ತೆ ಹಾಕಿದೆವು. ಹಿಂದಿನ ಕೊಳವೆ ಗಿಡ್ಡವಾಗಿ ಬಂಪರಿನ ಒಳಗೇ ನಿಂತಿತು. "ಕಾಣದಿದ್ದರೇನಂತೆ, ಕೇಳಿಸುತ್ತದಲ್ಲ" ಎಂದುಕೊಂಡೆವು.

ಅದೇ ವರ್ಷ ನವೆಂಬರಿನಲ್ಲಿ ಮೆಲ್ಬರ್ನಿನ ಸ್ನೇಹಿತರ ರಾಜ್ಯೋತ್ಸವ ನಾಟಕಕ್ಕೆ ರಂಗದ ಪರದೆಯನ್ನು ಒಯ್ಯುವ ಹೊಣೆ ನಮ್ಮ ಪಾಲಿಗೆ ಬಂತು. ಪರದೆ ಸುತ್ತಿದ ಕೋಲು ವ್ಯಾಗನ್ನಿಗಿಂತ ಒಂದು ಮೊಳ ಉದ್ದ. ಹಿಂಬಾಗಿಲನ್ನು ಅರ್ಧ ತೆರೆದು ಹಗ್ಗದಿಂದ ಕಟ್ಟಿದೆವು. ಬೆಳಗಿನ ಜಾವ ನಾಲ್ಕಕ್ಕೆ ಹೊರಟೆವು. ಹ್ಯೂಮ್ ಹೆದ್ದಾರಿಯಲ್ಲಿ ಸಿಡ್ನಿಯಿಂದ ಮೆಲ್ಬರ್ನಿಗೆ ಸುಮಾರು 880 ಕಿಲೋಮೀಟರ್. ಹಿಂದಿನ ಸೀಟಿನಲ್ಲಿ ನಾಲ್ಕು ವರ್ಷದ ಮಗಳು, ಅವಳ ಪಕ್ಕದಲ್ಲಿ ನಮ್ಮ ಮನೆಯವರು. ಮುಂದೆ ನಾವೊಬ್ಬರೇ, ಎಂಜಿನ್ನಿನ ನಾದ ಕೇಳಲೆಂದು ಪಕ್ಕದ ಗಾಜನ್ನು ನಾಲ್ಕು ಬೆರಳು ಇಳಿಸಿಕೊಂಡಿದ್ದೆವು.

ಯಾಸ್ ದಾಟುವಾಗ ಮಗಳು, "ಅಪ್ಪಾ, ತಲೆ ನೋಯ್ತಿದೆ" ಎಂದಳು. ನಿದ್ದೆಗೆಟ್ಟದ್ದಕ್ಕೆ ಇರಬೇಕೆಂದೆವು. ಗಂಡಗೈಯಲ್ಲಿ ಆ ಪ್ರಸಿದ್ಧ ನಾಯಿಯ ಪ್ರತಿಮೆಯ ಬಳಿ ಇಳಿದು ಇಡ್ಲಿ ತಿಂದು, ಅರ್ಧ ಗಂಟೆ ಓಡಾಡಿದ ಮೇಲೆ ಗೆಲುವಾದಳು. ಇಡ್ಲಿಯ ಮಹಿಮೆ ಎಂದು ನಾವು ಭಾಷಣ ಮಾಡಿದೆವು. ಮತ್ತೆ ಹತ್ತಿ ಒಂದು ಗಂಟೆಯಾಗಿರಬಹುದು. ನಮ್ಮ ಮನೆಯವರು, "ರೀ, ನನಗೂ ತಲೆ ಸಿಡಿಯುತ್ತಿದೆ. ಮಗು ಎಬ್ಬಿಸಿದರೆ ಸರಿಯಾಗಿ ಏಳುತ್ತಿಲ್ಲ. ಗಾಡಿ ನಿಲ್ಲಿಸಿ" ಎಂದರು. ಹೋಲ್‌ಬ್ರೂಕ್ ಊರಿನೊಳಗೆ ತಿರುಗಿ, ಸಮುದ್ರದಿಂದ ಅಷ್ಟು ದೂರದ ಆ ಊರಿನ ಉದ್ಯಾನದಲ್ಲಿ ಇಟ್ಟಿರುವ ಜಲಾಂತರ್ಗಾಮಿಯ ಮುಂದೆ ನಿಲ್ಲಿಸಿದೆವು. ಮಗಳನ್ನು ಎತ್ತಿಕೊಂಡು ಇಳಿಸಿದಾಗ ವಾಂತಿ ಮಾಡಿಕೊಂಡಳು.

ಇಬ್ಬರಿಗೂ ಒಂದೇ ತಲೆನೋವು. ಕಾರಿನಿಂದ ಇಳಿದರೆ ಹೋಗುತ್ತದೆ, ಹತ್ತಿದರೆ ಬರುತ್ತದೆ. ಪೀಠಿಕೆಯ ಮೊದಲ ಪುಟ ಆಗ ಕಣ್ಣ ಮುಂದೆ ಬಂತು. ಹುಲ್ಲಿನ ಮೇಲೆ ನಿಂತಲ್ಲೇ ನಮ್ಮ ಕಾಲು ನಡುಗಿದವು.

ಆ ಊರಿನ ಆಸ್ಪತ್ರೆಯವರು ಒಂದು ಪ್ರಶ್ನೆಯನ್ನೂ ಹೆಚ್ಚು ಕೇಳದೆ ಇಬ್ಬರ ಮುಖಕ್ಕೂ ಆಮ್ಲಜನಕದ ಮುಖವಾಡ ಹಾಕಿದರು. ಬರೀ ಗಾಳಿಯಲ್ಲಿ ರಕ್ತದ ಕಾರ್ಬನ್ ಮಾನಾಕ್ಸೈಡ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯೊಳಗೆ ಸಾಕು. ಈ ಅಂಕಿಗಳು ನಮಗೆ ಬಾಯಿಪಾಠವಾಗಿದ್ದವು. ಮಂಚದ ಪಕ್ಕದಲ್ಲಿ ಕುಳಿತು ಗಡಿಯಾರ ನೋಡುತ್ತಾ ಅವನ್ನು ಎಣಿಸುವುದು ಬೇರೆಯೇ ವಿದ್ಯೆ. ಸಂಜೆಯ ಹೊತ್ತಿಗೆ ಮಗಳು, "ನಾಯಿ ನೋಡಿದ್ವಲ್ಲ, ಇನ್ನೊಂದು ಸಲ ನೋಡಬಹುದಾ?" ಎಂದು ಕೇಳಿದಳು. ಆಗ ನಮಗೆ ಉಸಿರು ಬಂತು. ಪರದೆಯನ್ನು ಹಿಂದಿನಿಂದ ಬರುತ್ತಿದ್ದ ಮತ್ತೊಂದು ಕುಟುಂಬದವರು ಒಯ್ದರು. ನಾಟಕ ಚೆನ್ನಾಗಿ ಆಯಿತಂತೆ.

ಮರುದಿನ ಅಲ್ಲಿನ ಒಬ್ಬ ವೃದ್ಧ ಮೆಕ್ಯಾನಿಕ್ ಕಾರನ್ನು ಮೇಲಕ್ಕೆತ್ತಿ, ಕ್ಯಾಟ್ ಡಬ್ಬವನ್ನು ರಬ್ಬರ್ ಸುತ್ತಿಗೆಯಿಂದ ತಟ್ಟಿದ. ಖಾಲಿ ಡಬ್ಬದ ಸದ್ದು. ನಮಗಿಂತ ಹಿಂದಿನ ಯಾವನೋ ಮಾಲೀಕ ಒಳಗಿನ ಜೇನುಗೂಡನ್ನು ಒಡೆದು ತೆಗೆಸಿ, ಹೊರಗಿನ ಚಿಪ್ಪನ್ನು ಮಾತ್ರ ಉಳಿಸಿದ್ದ. ಆ ಕಾಲದ ಕಾರಿನಲ್ಲಿ ಅದನ್ನು ಕಂಡುಹಿಡಿದು ದೀಪ ಹೊತ್ತಿಸುವ ವ್ಯವಸ್ಥೆಯೂ ಇರಲಿಲ್ಲ. ಪ್ಲಾಟಿನಂ ಮೇಲೆ ಕಾರ್ಬನ್ ಮಾನಾಕ್ಸೈಡ್ ಹೇಗೆ ಉರಿಯುತ್ತದೆಂದು ನಾಲ್ಕು ವರ್ಷ ಓದಿದ ನಾವು, ಎರಡು ವರ್ಷ ಪ್ಲಾಟಿನಂ ಇಲ್ಲದ ಡಬ್ಬದ ಸದ್ದಿಗೆ ತಲೆದೂಗಿದ್ದೆವು.

ಲೆಕ್ಕ ಹಾಕಿದರೆ ಐದು ತಪ್ಪುಗಳು. ಖಾಲಿ ಡಬ್ಬ, ಹಳೆಯ ಗ್ಯಾಸ್ಕೆಟ್ಟಿನಿಂದ ಸೋರುತ್ತಿದ್ದ ಜೋಡಣೆ, ಬಂಪರಿನಡಿಯಲ್ಲೇ ಹೊಗೆ ಬಿಡುವ ಗಿಡ್ಡ ಕೊಳವೆ, ಅರ್ಧ ತೆರೆದ ಹಿಂಬಾಗಿಲು, ಮತ್ತು ನಾವು ಇಳಿಸಿದ್ದ ಗಾಜು. ಓಡುವ ವ್ಯಾಗನ್ನಿನ ಬೆನ್ನ ಹಿಂದೆ ಗಾಳಿ ಸುಳಿ ಸುತ್ತಿ ಹೊಗೆಯನ್ನು ಹಿಂಬಾಗಿಲಿನತ್ತ ಎಳೆಯುತ್ತದೆ. ಮುಂದಿನ ಗಾಜು ತುಸು ತೆರೆದಿದ್ದರೆ ಒಳಗಿನ ಗಾಳಿ ಅಲ್ಲಿಂದ ಹೊರಟು, ಆ ಹೊಗೆ ಹಿಂದಿನಿಂದ ಒಳಗೆ ಬರುತ್ತದೆ. ಮೊದಲನೆಯ ತಪ್ಪು ಯಾರದೋ. ಉಳಿದ ನಾಲ್ಕೂ ನಮ್ಮವು.

ಹಾಗಾದರೆ ಮಾಡಬೇಕಾದ್ದೇನು?

ಕಾರಿನ ನಾದ ತಿದ್ದಿಸುವ ಆಸೆ ಇರುವವರು ಧಾರಾಳವಾಗಿ ತಿದ್ದಿಸಲಿ. ಈ ಕ್ರಮ ಇರಲಿ.

ಮೊದಲು ಇರುವುದನ್ನು ಪರೀಕ್ಷಿಸಿ. ಎಂಜಿನ್ನು ತಣ್ಣಗಿರುವಾಗ, ಬಯಲಿನಲ್ಲಿ, ಸ್ಟಾರ್ಟ್ ಮಾಡಿಸಿ ಹಿಂದಿನ ಕೊಳವೆಯ ಬಾಯಿಗೆ ದಪ್ಪ ಬಟ್ಟೆಯನ್ನು ಒಂದು ಕ್ಷಣ ಒತ್ತಿ ಹಿಡಿದರೆ ಸೋರುವ ಜೋಡಣೆ ಬುಸುಗುಟ್ಟುತ್ತದೆ. ಗರಾಜಿನೊಳಗೆ ಈ ಕೆಲಸ ಬೇಡ. ಹಳೆಯ ಕಾರು ಕೊಳ್ಳುವವರು ಕ್ಯಾಟ್ ಡಬ್ಬವನ್ನು ತಟ್ಟಿಸಿ ನೋಡಲಿ: ಗಟ್ಟಿ ಸದ್ದು ಬಂದರೆ ಒಳಗೆ ಇಟ್ಟಿಗೆಯಿದೆ; ಗಲಗಲ ಎಂದರೆ ಒಡೆದಿದೆ; ಟೊಳ್ಳು ಎಂದರೆ ನಮ್ಮ ಕಥೆ. ನ್ಯೂ ಸೌತ್ ವೇಲ್ಸಿನಲ್ಲಿ ಹಳೆಯ ಕಾರುಗಳಿಗೆ ಪ್ರತಿ ವರ್ಷ ಪಿಂಕ್ ಸ್ಲಿಪ್ ಪರೀಕ್ಷೆಯಿದೆ. ವಿಕ್ಟೋರಿಯಾದಲ್ಲಿ ಮಾರುವಾಗ ರೋಡ್‌ವರ್ದಿ ಪತ್ರ ಬೇಕು. ಆದರೆ ಚಿಪ್ಪು ಸರಿಯಿದ್ದರೆ ಒಳಗೇನಿದೆಯೆಂದು ಹೊರಗಿನ ಕಣ್ಣಿಗೆ ಕಾಣದು.

ಎರಡನೆಯದಾಗಿ, ಬದಲಾವಣೆಯೆಲ್ಲ ಕ್ಯಾಟಿನ ಹಿಂದೆ ಇರಲಿ. ಪ್ರತಿ ಜೋಡಣೆಗೂ ಹೊಸ ಗ್ಯಾಸ್ಕೆಟ್. ಕೊಳವೆಯ ಬಾಯಿ ಕಾರಿನ ನೆಲದ ಜೋಡಣೆಗಳನ್ನೆಲ್ಲ ದಾಟಿ ಹೊರಗೇ ತೆರೆಯಬೇಕು. ಇದು ಇಲ್ಲಿನ ವಾಹನ ನಿಯಮವೂ ಹೌದು.

ಮೂರನೆಯದು ಸದ್ದಿನ ಮಿತಿ. ಎರಡೂ ರಾಜ್ಯಗಳಲ್ಲಿ, 1983ರ ನವೆಂಬರಿನ ನಂತರ ತಯಾರಾದ ಕಾರಿಗೆ 90 ಡೆಸಿಬೆಲ್, ಅದಕ್ಕೂ ಹಳೆಯದಕ್ಕೆ 96. 2005-06ರ ಈಚಿನ ಹೊಸ ನಿಯಮಕ್ಕೆ ಒಳಪಟ್ಟ ಕಾರುಗಳಿಗೆ ತಯಾರಕರು ಸಾರಿದ ಅಂಕಿಯ ಮೇಲೆ 5. ನಿಂತ ಕಾರಿನ ಕೊಳವೆಯ ಬಾಯಿಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಓರೆಯಲ್ಲಿ ಮೈಕ್ ಇಟ್ಟು ಅಳೆಯುತ್ತಾರೆ. 90ಕ್ಕೂ 96ಕ್ಕೂ ಅಂತರ ಬರೀ ಆರು ಎನ್ನಬೇಡಿ; ಮೂರು ಡೆಸಿಬೆಲಿಗೆ ಸದ್ದಿನ ಶಕ್ತಿ ಇಮ್ಮಡಿ, ಆರಕ್ಕೆ ನಾಲ್ಮಡಿ. ಪರೀಕ್ಷೆಯ ದಿನಕ್ಕೆಂದು ಕೊಳವೆಯಲ್ಲಿ ಏನನ್ನಾದರೂ ತುರುಕಿ ಆಮೇಲೆ ತೆಗೆಯುವ ಉಪಾಯವೂ ನ್ಯೂ ಸೌತ್ ವೇಲ್ಸಿನಲ್ಲಿ ಅಪರಾಧವೇ. ಕ್ಯಾಟ್ ತೆಗೆಯುವುದಂತೂ ಹೇಳಬೇಕಾಗಿಲ್ಲ. ಊರಿನಲ್ಲೂ ಇದೇ ಪಾಡು: ಶಿವಮೊಗ್ಗ ಮೊದಲಾದ ಕಡೆ ಪೊಲೀಸರು ಬುಲೆಟ್ ಗಾಡಿಗಳ ಕರ್ಕಶ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿ ಮಲಗಿಸಿ ರೋಡ್ ರೋಲರ್ ಹಾಯಿಸಿದ್ದಾರೆ.

ಕೊನೆಯದಾಗಿ, ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ಮಂಪರು ಬಂದರೆ ಇಡ್ಲಿಯ ಕಡೆ ನೋಡಬೇಡಿ. ನಿಲ್ಲಿಸಿ, ಎಂಜಿನ್ ಆರಿಸಿ, ಎಲ್ಲರನ್ನೂ ಇಳಿಸಿ, 000ಗೆ ಫೋನ್ ಮಾಡಿ. ಹಿಂಬಾಗಿಲು ತೆರೆದು ಕಟ್ಟಿ ಓಡಿಸಬೇಡಿ. ಉದ್ದದ ಸಾಮಾನಿಗೆ ಮೇಲೆ ರ‍್ಯಾಕ್ ಇದೆ.

ಇನ್ನು ಆ ಹುಡುಗನ ಪ್ರಶ್ನೆಗೆ ಉತ್ತರ: ಕ್ಯಾಟ್ ತೆಗೆಸಿದರೆ ಬೀದಿಯಲ್ಲಿ ಓಡುವ ಕಾರಿಗೆ ಸಿಗುವ ಶಕ್ತಿ ಹೆಚ್ಚುಕಡಿಮೆ ಸೊನ್ನೆ. ಈಗಿನ ಜೇನುಗೂಡುಗಳು ಹೊಗೆಗೆ ಅಷ್ಟು ಸಲೀಸಾಗಿ ದಾರಿ ಬಿಡುತ್ತವೆ. ಹೋಗುವುದು ಮಾತ್ರ ನಿನ್ನ ಹಿಂದಿನ ಸೀಟಿನಲ್ಲಿ ಕುಳಿತವರದು, ನಿನ್ನ ಹಿಂದಿನ ಕಾರಿನವರದು, ಬಸ್ಸಿಗೆ ಕಾಯುತ್ತಾ ನಿಂತ ತಾಯಿಮಕ್ಕಳದು.

ಹೋದ ಭಾನುವಾರ ಅವನು ತಾನೇ ಫೋನ್ ಮಾಡಿ, ಕಾರನ್ನು ಎತ್ತಿಸಿ ನೋಡಲು ನಮ್ಮನ್ನೂ ಕರೆದ. ತಟ್ಟಿದೆವು, ಡಬ್ಬ ಗಟ್ಟಿಯಾಗಿಯೇ ಇದೆ. ಸದ್ದಿನ ಅಂಕಿ ಮಾತ್ರ ಮಿತಿ ಮೀರಿದೆ. ಮಧ್ಯೆ ಒಂದು ರೆಸೊನೇಟರ್ ಬೆಸೆಸುವುದೆಂದು ಒಪ್ಪಿದ್ದಾನೆ. ಈಗ ಹೈಸ್ಕೂಲಿಗೆ ಬಂದಿರುವ ನಮ್ಮ ಮಗಳು ಜೊತೆಗೆ ಬಂದಿದ್ದಳು. ಅವನ ಕಾರಿನಲ್ಲಿ ಒಂದು ಸುತ್ತು ಹೋಗಿ ಬರಲೇ ಎಂದು ಕೇಳಿದಳು. ಬೆಸುಗೆಯಾದ ಮೇಲೆ ಹೋಗಬಹುದು ಎಂದೆವು.

ಮುಂದಿನ ಪಿಕ್ನಿಕ್ಕಿಗೆ ನಾವೊಂದು ಸದ್ದಳೆಯುವ ಯಂತ್ರ, ಒಂದು ರಬ್ಬರ್ ಸುತ್ತಿಗೆ ತರುತ್ತೇವೆ. ಸದಸ್ಯರು ತಮ್ಮ ಕಾರುಗಳನ್ನು ತಟ್ಟಿಸಿಕೊಂಡು ಹೋಗಬಹುದು. ಶುಲ್ಕವೇನೂ ಇಲ್ಲ; ಉಳಿದ ಬಿಸಿಬೇಳೆ ಭಾತನ್ನು ಮಾತ್ರ ಈ ಸಲ ನಮಗೆ ಬಿಡಬೇಕು.